ಚಿಗವ್ವನ ತೋಳು

ಚಿಗವ್ವ ಏನನ್ನಾದರೂ ಎತ್ತುವಾಗ ಅವಳ ಮುಂಗೈಯ ನರವೊಂದು ಹಗ್ಗದಂತೆ ಉಬ್ಬಿ ಏಳುತ್ತದೆ. ಚಿಕ್ಕವರಿದ್ದಾಗ ನಾವು ಅದನ್ನು ಬೆರಳಿನಿಂದ ಒತ್ತಿ ಆಡುತ್ತಿದ್ದೆವು. ನಮ್ಮ ಅವ್ವನ ಕೈಯಲ್ಲಿ ಆ ನರ ಕಾಣುವುದೇ ಇಲ್ಲ. ಇಬ್ಬರೂ ಅವಳಿಗಳು. ಯಾರು ಯಾರೆಂದು ಹೇಳಲು ಅವರನ್ನು ಹೆತ್ತ ನಿಲಂಗಾದ ಅಜ್ಜನೂ ತಡವರಿಸುತ್ತಿದ್ದನಂತೆ. ಅವ್ವ ಮದುವೆಯಾಗಿ ಉಮರ್ಗಾದ ಕಿರಾಣಿ ಅಂಗಡಿಯ ಮನೆಗೆ ಬಂದಳು, ಚಿಗವ್ವ ಗುಂಜೋಟಿಯ ಒಕ್ಕಲುತನದ ಮನೆಗೆ ಹೋದಳು. ಮುಖಗಳು ಒಂದೇ ಉಳಿದವು, ತೋಳುಗಳು ಬೇರೆಯಾದವು.

ಚೀಲ ಎತ್ತುವ ಮುಂಚೆ ಚಿಗವ್ವ ಆಕಳನ್ನು ಕರೆಯುವಂತೆ "ಬಾ ನಮ್ಮವ್ವ" ಅನ್ನುತ್ತಾಳೆ. ಗಂಡಸರು ಕೈಹಚ್ಚಲು ಬಂದರೆ, "ಅತ್ತಾಗ ಸರೀರಿ, ನಿಮ್ಮ ನಡಾ ಹಿಡಿದೀತು" ಎಂದು ನಗುತ್ತಾಳೆ.

ಆ ವರ್ಷ ನನ್ನ ತಂಗಿ ಪೊಲೀಸ್ ಭರ್ತಿಯ ಪರೀಕ್ಷೆಗೆ ತಯಾರಾಗುತ್ತಿದ್ದಳು. ಓಟದಲ್ಲಿ ಮುಂದಿದ್ದಳು. ಕಬ್ಬಿಣದ ಗುಂಡು ಎಸೆಯುವಲ್ಲಿ ಮಾತ್ರ ಹಿಂದೆ ಬಿದ್ದಿದ್ದಳು. ಇನ್ನೊಂದೇ ಸಲ ನೋಡುವುದು, ಆಗದಿದ್ದರೆ ಮದುವೆ ಎಂದು ಅಪ್ಪ ಹೇಳಿಬಿಟ್ಟಿದ್ದ.

ಅಷ್ಟರಲ್ಲಿ ಉದಗೀರದಲ್ಲಿ ನೆಂಟರ ಮದುವೆ ಬಂತು. ಹೆಂಗಸರಿಗೆಲ್ಲ ಬಳೆ ಇಡಿಸುವ ಹೊತ್ತು. ಬಳೆಗಾರ ಅವ್ವನ ಕೈಗೆ ಹಸಿರು ಬಳೆಗಳನ್ನು ಸಲೀಸಾಗಿ ಏರಿಸಿದ. ಅದೇ ಮುಖ ಮತ್ತೊಮ್ಮೆ ಎದುರು ಬಂದು ಕೂತಾಗ, ಕೈ ಹಿಸುಕಿಯೂ ನೋಡದೆ ಅದೇ ಅಳತೆಯ ಬಳೆ ಏರಿಸಲು ಹೋದ. ಬಳೆಗಳು ಚಟಚಟನೆ ಒಡೆದವು. ಮದುವೆಮನೆಯ ಹೆಂಗಸರು ಗಾಬರಿಯಾಗಿ ಬಾಯಿಗೆ ಸೆರಗು ಹಿಡಿದರು.

"ಇವು ಕೈ ಅದಾವೋ ಕಟಗಿ ಅದಾವೋ, ಅಕ್ಕಾ?" ಅಂದ ಬಳೆಗಾರ.

"ಹೊಲದ ಕೈ ಅದಾವ್ರೀ, ಚಾಚಾ. ದೊಡ್ಡೂ ತಗೀರಿ," ಎಂದು ಚಿಗವ್ವ ನಕ್ಕಳು. ಮನೆಯೆಲ್ಲ ನಕ್ಕಿತು.

ಅವ್ವ ತಂಗಿಯ ಕಡೆ ತಿರುಗಿದಳು. "ನೋಡಿದೇನು? ಗುಂಡು ಒಗ್ಯಾಕ ಇಂಥಾ ಕೈ ಬೇಕು. ನಿನ್ನವು ನನ್ನಂಥಾವು. ರಕ್ತದಾಗ ಇಲ್ಲಾದ್ದು ಎಲ್ಲಿಂದ ತರ್ತಿ?"

ಚಿಗವ್ವ ತನ್ನ ಕೈಯನ್ನು ಅವ್ವನ ಕೈಯ ಪಕ್ಕಕ್ಕೆ ಇಟ್ಟಳು. "ಅಕ್ಕಾ, ನಿನ್ನ ರಕ್ತ ಬ್ಯಾರೆ, ನನ್ನ ರಕ್ತ ಬ್ಯಾರೆ ಏನು? ಹುಡುಗಿನ್ನ ನನ್ನ ಕೂಡ ಕಳಸು."

ಸೋಯಾಬೀನ್ ರಾಶಿಯ ಸುಗ್ಗಿಯಿಡೀ ತಂಗಿ ಗುಂಜೋಟಿಯಲ್ಲಿದ್ದಳು. ಬಾವಿಯ ನೀರು ಸೇದಿದಳು, ದನಗಳಿಗೆ ಜೋಳದ ಕಣಿಕೆ ಕತ್ತರಿಸಿದಳು. ಮೊದಲು ಅರ್ಧ ಚೀಲ, ಆಮೇಲೆ ಮುಕ್ಕಾಲು ಚೀಲ ಎತ್ತಿ ಟ್ರಾಲಿಗೆ ಹಾಕಿದಳು. "ಕೈಲೆ ಎತ್ತಬ್ಯಾಡ, ನೆಲಾ ಒದ್ದು ಎತ್ತು" ಎನ್ನುವುದೊಂದೇ ಚಿಗವ್ವನ ಪಾಠ. ಹೊಟ್ಟೆ ತುಂಬ ರೊಟ್ಟಿ, ಹಾಲು, ಶೇಂಗಾ. ಸಂಜೆ ಊರ ಹೊರಗಿನ ಬಯಲಿನಲ್ಲಿ ಗುಂಡು ಎಸೆಯುವುದು.

ಭರ್ತಿಯ ದಿನ ಚಿಗವ್ವ ಮೈದಾನದ ಬೇಲಿಯಾಚೆ ನಿಂತು, "ನೆಲಾ ಒದಿ ನನ್ನವ್ವ!" ಎಂದು ಕೂಗಿದಳು. "ಮಾವಶಿ, ಗಪ್ಪ ಬಸಾ," ಸುಮ್ಮನೆ ಕೂಡ್ರು ಎಂದು ಪೇದೆಯೊಬ್ಬ ಮರಾಠಿಯಲ್ಲಿ ಗದರಿದ. ಅಷ್ಟರಲ್ಲಿ ತಂಗಿಯ ಗುಂಡು ಪಾಸಾಗುವ ಗೆರೆ ದಾಟಿ ಬಿದ್ದಿತ್ತು. ಪೇದೆಯನ್ನೂ ಬಿಡದೆ ಚಿಗವ್ವ ಎಲ್ಲರಿಗೂ ಪೇಡೆ ಹಂಚಿದಳು.

ಶಿರೂರ ಅನಂತಪಾಳದ ಎತ್ತರದ ಹುಡುಗಿಯೊಬ್ಬಳು ನಗುನಗುತ್ತ ಬಂದು ತಂಗಿಗಿಂತ ಬಹಳ ದೂರ ಎಸೆದು ಹೋದಳು. ಆಕೆ ಗುಂಡು ಹಿಡಿದು ತಿಂಗಳೂ ಆಗಿರಲಿಲ್ಲವಂತೆ. ತಂಗಿಯ ಮುಖ ಸಣ್ಣದಾಯಿತು.

"ಆಕಿಗಿ ದೇವರು ಕೊಟ್ಟು ಕಳಿಸ್ಯಾನ. ನೀ ದುಡದು ತಗೊಂಡೀದಿ. ಗೆರಿ ಅಂತೂ ಎರಡೂ ಗುಂಡು ದಾಟ್ಯಾವ," ಅಂದಳು ಚಿಗವ್ವ.

ತಂಗಿ ಈಗ ಪೊಲೀಸ್ ಪೇದೆ. ಸಮವಸ್ತ್ರದ ತೋಳು ಬಿಗಿ ಎಂದು ಪ್ರತಿ ಸಲ ದರ್ಜಿಯ ಜೊತೆ ಜಗಳ. ನಾನು ಪತ್ರಿಕೆಯ ಕೆಲಸದಲ್ಲಿದ್ದೇನೆ. ಯಾರನ್ನಾದರೂ 'ಹುಟ್ಟು ಬಲಶಾಲಿ' ಎಂದು ಬರೆಯುವ ಮುನ್ನ ಅವರ ದಿನಚರಿ ಕೇಳುತ್ತೇನೆ. ಆ ರೂಢಿ ಚಿಗವ್ವನಿಂದ ಬಂದದ್ದು.

ಕಳೆದ ದೀಪಾವಳಿಗೆ ಅವ್ವ ಗುಂಜೋಟಿಗೆ ಹೋಗಿದ್ದಳು. ಅಂಗಳದಲ್ಲಿದ್ದ ಜೋಳದ ಚೀಲವನ್ನು ಸುತ್ತಿ ಸುತ್ತಿ ನೋಡಿ ಕೇಳಿದಳು: "ಎತ್ತಾಕ ನನಗೂ ಬರ್ತದೇನ?"

ಚಿಗವ್ವ ಚೀಲದ ಅರ್ಧ ಜೋಳವನ್ನು ಬುಟ್ಟಿಗೆ ಸುರಿದಳು. "ಹೂಂ, ಈಗ ಬಾ."