ದಂಡೆಯ ಮೇಲೆ ನಿಂತ ಹೊನ್ನೂರಸ್ವಾಮಿ

ಹೊನ್ನೂರಸ್ವಾಮಿ ಹಲವಾಗಲಿನವನು. ಹೊಳೆದಂಡೆಯ ಊರು, ನಡೆಯಲು ಕಲಿತ ಹಿಂದೆಯೇ ಈಜಲೂ ಕಲಿತ. ಊರಿನವರು ನೀರು ತುಂಬುವ ಜಾಗದಿಂದ ಕೆಳಗೆ, ಸೆಳೆತ ಹೆಚ್ಚಿರುವ ಕಡೆ ಮಾತ್ರ ಅವನ ಕೇರಿಯ ಹುಡುಗರು ಇಳಿಯಬೇಕಿತ್ತು. ಮಗನ ತೋಳು ಗಟ್ಟಿಯಾದದ್ದೇ ಅದರಿಂದ ಎಂದು ಅಪ್ಪ ಉಚ್ಚಂಗೆಪ್ಪ ನಗುತ್ತ ಹೇಳುತ್ತಿದ್ದ. ಕಾಲೇಜಿನಲ್ಲಿದ್ದಾಗ ಹೊನ್ನೂರಸ್ವಾಮಿ ವಿಶ್ವವಿದ್ಯಾಲಯದ ಪರವಾಗಿ ಈಜಿ ಪದಕ ತಂದ. ತರಬೇತಿ ಕೋರ್ಸನ್ನೂ ಮುಗಿಸಿದ. ಆದರೆ ಈಜು ಕಲಿಸುವವನಿಗೆ ಹರಪನಹಳ್ಳಿಯಲ್ಲಿ ಕೆಲಸವೆಲ್ಲಿ? ಹೆಂಡತಿ ಕ್ರಾಂತಿ ಅಲ್ಲಿನ ಆಸ್ಪತ್ರೆಯಲ್ಲಿ ನರ್ಸ್. ಇವನು ಶಾಲೆಯಿಂದ ಶಾಲೆಗೆ ಹಂಗಾಮಿ ಡ್ರಿಲ್ ಮೇಷ್ಟ್ರಾಗಿ ತಿರುಗುತ್ತಿದ್ದ.

ಅಷ್ಟರಲ್ಲಿ ಹರಪನಹಳ್ಳಿ ಬೆಳೆಯಿತು. ಜೋಳ ಬೆಳೆಯುತ್ತಿದ್ದ ಹೊಲಗಳಲ್ಲಿ ಲೇಔಟ್ ಕಲ್ಲುಗಳು ಎದ್ದವು. ರಸ್ತೆ ಅಗಲವಾಗಿ ನಡುವೆ ದೀಪದ ಕಂಬಗಳು ಬಂದವು. ಹೊಸ ಪಾರ್ಕಿನಲ್ಲಿ ಹೆಂಗಸರು ಬೆಳಗ್ಗೆ ಶೂ ಹಾಕಿಕೊಂಡು ನಡೆಯತೊಡಗಿದರು. ಸೈಟು ಮಾರಿ ಗಟ್ಟಿಯಾಗಿದ್ದ ಮಂಜಣ್ಣ ಎಂಬಾತ ತನ್ನ ಲೇಔಟಿನ ಮೂಲೆಯಲ್ಲಿ ಈಜುಕೊಳ ಕಟ್ಟಿಸಿದ. ನೀಲಿ ಟೈಲ್ಸ್, ಪಾಲಕರು ಕೂರಲು ಕುರ್ಚಿ, ಚಹಾದ ಅಂಗಡಿ, ನಾಲ್ಕೂ ಮೂಲೆಗೆ ಕ್ಯಾಮೆರಾ. ಹೊನ್ನೂರಸ್ವಾಮಿಯನ್ನು ಕರೆಸಿ ಕೋಚ್ ಮಾಡಿದ.

ಮೊದಮೊದಲು ಹೊನ್ನೂರಸ್ವಾಮಿಯಷ್ಟು ಸುಖಿ ಇನ್ನೊಬ್ಬನಿರಲಿಲ್ಲ. ಮಕ್ಕಳ ಹೊಟ್ಟೆಯ ಕೆಳಗೆ ಅಂಗೈ ಹಿಡಿದು ತೇಲಿಸುತ್ತಿದ್ದ. ಮಗು ಭಯ ಬಿಟ್ಟಿತು ಅನ್ನಿಸಿದ ಗಳಿಗೆಯಲ್ಲಿ ಗೊತ್ತಾಗದ ಹಾಗೆ ಕೈ ತೆಗೆಯುತ್ತಿದ್ದ. ಮಗು ತಾನಾಗಿಯೇ ತೇಲುತ್ತಿತ್ತು. ಪಾಲಕರು ಚಪ್ಪಾಳೆ ತಟ್ಟುತ್ತಿದ್ದರು.

ಏಪ್ರಿಲ್‌ನಲ್ಲಿ ಅಂಬೇಡ್ಕರ್ ಜಯಂತಿಯ ಮೆರವಣಿಗೆಗೆ ಬಂದಿದ್ದ ಉಚ್ಚಂಗೆಪ್ಪ, ಹಾಗೇ ಮಗನ ಕೆಲಸವನ್ನೂ ನೋಡಿಹೋಗೋಣವೆಂದು ಕೊಳಕ್ಕೆ ಬಂದ. ಹೆಗಲ ಮೇಲೆ ನೀಲಿ ಶಾಲು. ಬಾಗಿಲಲ್ಲೇ ನಿಂತು ಕೂಗಿದ.

“ಜೈ ಭೀಮ್, ಮಗನ! ಏನ್ ಚೆಂದ ಐತಲೇ ನಿನ್ನ ಹೊಳಿ!”

ಬಟ್ಟೆ ಅಂಗಡಿಯ ಮನೆತನದ ನಾಗಲಿಂಗಮ್ಮ ತನ್ನ ಮೊಮ್ಮಗಳು ಗಾನವಿಯನ್ನು ಈಜಿಗೆ ಕರೆತಂದಿದ್ದಳು. ಅವಳು ಚಹಾದ ಕಪ್ಪನ್ನು ಕೆಳಗಿಟ್ಟಳು.

“ಇವರು ನಿಮ್ಮಪ್ಪಾರೇನ್ರಿ ಸರ?”

“ಹೌದ್ರಿ ಅಮ್ಮಾರೆ.”

ಅವಳು ನೀಲಿ ಶಾಲಿನ ಕಡೆ ಇನ್ನೊಮ್ಮೆ ನೋಡಿದಳು.

ವಾರ ಕಳೆಯುವುದರೊಳಗೆ ಮಂಜಣ್ಣ ಹೊನ್ನೂರಸ್ವಾಮಿಯನ್ನು ತನ್ನ ಕೋಣೆಗೆ ಕರೆದ. ಫ್ಯಾನಿನ ಕೆಳಗೆ ಕೂರಿಸಿ ಚಹಾ ತರಿಸಿದ. ಹೊನ್ನೂರಸ್ವಾಮಿಗೆ ಬಂದದ್ದು ಕಾಗದದ ಲೋಟದಲ್ಲಿ.

“ತಪ್ಪು ತಿಳ್ಕೋಬ್ಯಾಡ್ರಿ ಸರ. ನನಗ ಅಂಥಾದ್ದೇನಿಲ್ಲ. ಆದ್ರ ಪಾಲಕರು ಕೇಳಾಕ ಹತ್ಯಾರ. ಇನ್ಮುಂದ ನೀವು ನೀರಿಗೆ ಇಳಿಯೋದು ಬ್ಯಾಡ. ದಂಡಿ ಮ್ಯಾಲೆ ನಿಂತು ಹೇಳಿಕೊಡ್ರಿ.”

“ಈಜು ಕೈ ಹಿಡಿದು ಕಲಿಸಬೇಕ್ರಿ.”

“ಒಂದು ಉದ್ದನ್ನ ಕೋಲು ಕೊಡಿಸ್ತೀನಿ ಬಿಡ್ರಿ.”

ಮನೆಯಲ್ಲಿ ಕ್ರಾಂತಿ ಕೆರಳಿದಳು. “ಬಿಟ್ಟು ಬರ್ರಿ. ನೀರು ಮುಟ್ಟಬ್ಯಾಡ ಅಂದೋರಿಗೆ ಏನ್ ಈಜು ಕಲಿಸ್ತೀರಿ?”

“ಹುಡುಗ್ರು ಒಂದೀಟು ಕಲೀಲಿ. ನೋಡಿ ಅವರಾ ಸುಮ್ಮನಾಗ್ತಾರ,” ಎಂದ ಅವನು. ನಿಜವಾಗಿಯೂ ಹಾಗೆಂದು ನಂಬಿದ್ದ.

ಯಾರೂ ಸುಮ್ಮನಾಗಲಿಲ್ಲ, ಏಕೆಂದರೆ ಯಾರೂ ಜಗಳವನ್ನೇ ಆಡಿರಲಿಲ್ಲ. ಎಲ್ಲರೂ ‘ಸರ’ ಎನ್ನುತ್ತಿದ್ದರು, ನಗುತ್ತಿದ್ದರು. ಅವನು ಬಿಸಿಲಿನಲ್ಲಿ ಕೋಲು ಹಿಡಿದು ಅಂಚಿನುದ್ದಕ್ಕೂ ನಡೆಯುತ್ತ ಕೂಗುತ್ತಿದ್ದ: ಕಾಲು ಬಡೀರಿ, ಕತ್ತು ಎತ್ತಬ್ಯಾಡ್ರಿ. ಒಮ್ಮೆ ಪುಟ್ಟ ಹುಡುಗನೊಬ್ಬ ಹೆದರಿ ಅತ್ತಾಗ ಅಂಚಿನಲ್ಲಿ ಕೂತು ಕಾಲು ಇಳಿಬಿಟ್ಟ. ಪಾಲಕರ ಕುರ್ಚಿಯಿಂದ ಯಾರೋ ಕೆಮ್ಮಿದರು. ಕಾಲು ಮೇಲೆಳೆದುಕೊಂಡ.

ಮಳೆಗಾಲ ಶುರುವಾಗುವ ಮುನ್ನ ಒಂದು ಬೆಳಗ್ಗೆ ಗಾನವಿ ಅಡ್ಡಕ್ಕೆ ಕಟ್ಟಿದ್ದ ಹಗ್ಗದ ಕೆಳಗೆ ನುಸುಳಿ ಆಳದ ಕಡೆಗೆ ಹೋದಳು. ಕೈ ಬಡಿದಳು, ಬಾಯಿಗೆ ನೀರು ಹೋಯಿತು. ಹೊನ್ನೂರಸ್ವಾಮಿ ಕೋಲು ಚಾಚಿದ. ಅವಳ ಬೆರಳು ತಾಗಿ ಜಾರಿತು. ಮತ್ತೆ ಚಾಚಿದ. ಸಿಗಲಿಲ್ಲ. ಆಗ ಅವನು ತಿರುಗಿ ಮಂಜಣ್ಣನ ಕೋಣೆಯ ಕಡೆ ನೋಡಿದ. ನೋಡಿದ್ದು ಒಂದು ಉಸಿರಿನಷ್ಟು ಹೊತ್ತು. ನಂತರ ಕೋಲು ಎಸೆದು ಹಾರಿದ.

ಹುಡುಗಿಯನ್ನು ಎತ್ತಿ ತಂದು ಮಲಗಿಸಿ, ನೀರು ಕಕ್ಕಿಸಿ, ಬಾಯಿಗೆ ಬಾಯಿಟ್ಟು ಉಸಿರು ಊದಿದ. ಅವಳು ಕೆಮ್ಮಿ ಕಣ್ಣು ಬಿಟ್ಟಳು. ಓಡಿ ಬಂದ ನಾಗಲಿಂಗಮ್ಮ ಮೊಮ್ಮಗಳನ್ನು ಎದೆಗಪ್ಪಿಕೊಂಡು ಅತ್ತಳು. ಅಳುತ್ತಲೇ ಸೆರಗಿನಿಂದ ಮಗುವಿನ ಬಾಯಿಯನ್ನು ಒರೆಸಿದಳು, ಮತ್ತೆ ಮತ್ತೆ ಒರೆಸಿದಳು. ಅವನು ಒದ್ದೆ ಬಟ್ಟೆಯಲ್ಲಿ ಪಕ್ಕದಲ್ಲೇ ನಿಂತಿದ್ದ. ಅವನ ಕಡೆ ಅವಳು ನೋಡಲಿಲ್ಲ.

ಮಧ್ಯಾಹ್ನ ಮೋಟರು ಹಚ್ಚಿ ಕೊಳವನ್ನು ಬರಿದು ಮಾಡಿದರು. ಬೇಸಿಗೆಯಲ್ಲಿ ಟ್ಯಾಂಕರ್ ತರಿಸಿ ತುಂಬಿಸಿದ ನೀರೆಲ್ಲ ಚರಂಡಿಗೆ ಹರಿಯಿತು. ಕೇಳಿದವರಿಗೆ ಮಂಜಣ್ಣ, “ಫಿಲ್ಟರ್ ಕೆಟ್ಟೈತ್ರಿ,” ಎಂದ.

ಮಾರನೆಯ ದಿನ ಊರಿನವರ ಮೊಬೈಲುಗಳಲ್ಲೆಲ್ಲ ಕೊಳದ ಕ್ಯಾಮೆರಾದ ಒಂದು ವಿಡಿಯೊ ಓಡಾಡಿತು. ಮಗು ಮುಳುಗುತ್ತಿದೆ, ಕೋಚ್ ಕೋಲು ಹಿಡಿದು ಎತ್ತಲೋ ನೋಡುತ್ತ ನಿಂತಿದ್ದಾನೆ. ಅಲ್ಲಿಗೇ ಕತ್ತರಿಸಿದ್ದರು. ಅವನು ಹಾರಿದ ಭಾಗ ಅದರಲ್ಲಿ ಇರಲಿಲ್ಲ.

ಹೊನ್ನೂರಸ್ವಾಮಿ ಮಂಜಣ್ಣನ ಎದುರು ಹೋಗಿ ನಿಂತ. “ನೀರಿಗೆ ಇಳೀಬ್ಯಾಡ ಅಂದೋರು ನೀವಾ ಅಲ್ರಿ?”

“ನಾನಾ?” ಮಂಜಣ್ಣ ಕುರ್ಚಿಯಲ್ಲಿದ್ದ ಪಾಲಕರತ್ತ ತಿರುಗಿದ. “ಈಜುಕೊಳದಾಗ ಕೋಚಿಗೆ ನೀರಿಗೆ ಇಳೀಬ್ಯಾಡ ಅಂತ ಯಾರಾರ ಅಂತಾರೇನ್ರಿ? ಹುಚ್ಚದೀನಾ ನಾನು?”

ಎಲ್ಲರೂ ನಕ್ಕರು. ನಗುವಂಥ ಮಾತೇ ಅದು.

ಅವನನ್ನು ತೆಗೆದುಹಾಕಿದರು. ಠಾಣೆಗೆ ಹೋಗೋಣ ಎಂದು ಕ್ರಾಂತಿ ಹಟ ಹಿಡಿದಳು. ಅವನು ಬರಲಿಲ್ಲ. “ತಿರುಗಿ ನೋಡಿದ್ದು ಖರೇನ ಐತಲ್ಲ,” ಎಂದ. ಉಚ್ಚಂಗೆಪ್ಪ ಹಲವಾಗಲಿನಿಂದ ಮಗನಿಗೆ ಫೋನ್ ಮಾಡಿ, “ಅವತ್ತು ನಾನು ಬರಬಾರದಿತ್ತಪ್ಪಾ,” ಎಂದು ಅತ್ತ. ಆಮೇಲೆ ಅವನು ಆ ಶಾಲು ಹೊದ್ದು ಮಗನ ಊರಿಗೆ ಬರಲಿಲ್ಲ.

ಈಗ ಹೊನ್ನೂರಸ್ವಾಮಿ ಗೊಬ್ಬರದ ಗೋದಾಮಿನಲ್ಲಿ ಸೂಪರ್‌ವೈಸರ್. ಊರಿಗೆ ಹೋದರೂ ಹೊಳೆಗೆ ಇಳಿಯುವುದಿಲ್ಲ. ಕೊಳಕ್ಕೆ ದಾವಣಗೆರೆಯಿಂದ ಹೊಸ ಕೋಚ್ ಬಂದಿದ್ದಾನೆ, ಗಾನವಿ ಚೆನ್ನಾಗಿ ಈಜುತ್ತಾಳೆ.

ಕಳೆದ ದಸರಾ ಹೊತ್ತಿಗೆ ಸಂತೆಯಲ್ಲಿ ಅವನು ಈರುಳ್ಳಿ ಆರಿಸುತ್ತಿದ್ದಾಗ ಹುಡುಗಿ ಗುರುತು ಹಿಡಿದು ಓಡಿಬಂದಳು. ಒಂದು ಗೇಣು ಎತ್ತರ ಬೆಳೆದಿದ್ದಳು.

“ಸರ, ನಾನು ಮುಳುಗಬೇಕಾದ್ರ ನೀವ್ಯಾಕ ನೋಡ್ಕೋತ ನಿಂತಿದ್ರಿ?”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ತಿಳಿಯಬೇಕೆಂದು ಕೇಳಿದಳು ಅಷ್ಟೆ. ಆಚೆ ಬದಿಯಿಂದ ನಾಗಲಿಂಗಮ್ಮ ಅವಳನ್ನು ಕೂಗುತ್ತಿದ್ದಳು. ನಿಜ ಹೇಳಿದರೆ ಈ ಮಗು ಇವತ್ತು ಮನೆಗೆ ಹೋಗಿ ಅಜ್ಜಿಯ ಮುಖವನ್ನು ಹೇಗೆ ನೋಡಬೇಕು ಎಂದು ಅವನಿಗೆ ಅನ್ನಿಸಿತು.

“ತಪ್ಪಾತವ್ವ,” ಎಂದ.

“ಇರ್ಲಿ ಬಿಡ್ರಿ ಸರ,” ಎಂದು ಹುಡುಗಿ ಅವನನ್ನು ಕ್ಷಮಿಸಿ ಓಡಿದಳು.