ರೆಕಾರ್ಡಿನ ಮೇಲಿದ್ದ ನಮ್ಮ ಗರಾಜು

ಸ್ಯಾನ್ ಮಟಿಯೋದ ಮನೆಗೆ ಬಂದು ಮೂರು ವಾರವಾಗಿತ್ತು. ಒಂದು ಶನಿವಾರ ಬೆಳಿಗ್ಗೆ ನಮ್ಮ ಗರಾಜಿನ ಬಾಗಿಲಿನ ಮುಂದೆ ಒಬ್ಬ ಅಪರಿಚಿತ ಮಂಡಿಯೂರಿ ಕುಳಿತಿದ್ದ. ಐವತ್ತರ ಆಸುಪಾಸಿನವನು. ಕಪ್ಪು ಚರ್ಮದ ಜಾಕೆಟ್ಟು, ಅದರ ತುಂಬ ಸೇಫ್ಟಿ ಪಿನ್ನು. ಅಡುಗೆಮನೆಯ ಕಿಟಕಿಯಿಂದ ಅವನನ್ನು ಮೊದಲು ಕಂಡವರು ನಮ್ಮ ಅತ್ತೆ. ಧಾರವಾಡದವರು. ಬಿಸಿಲಿಗೆ ತಲೆಸುತ್ತು ಬಂದಿರಬೇಕೆಂದು ನೀರು, ಬೆಲ್ಲ ಹಿಡಿದು ಹೊರಗೆ ಹೋದರು.

ಅವನಿಗೆ ತಲೆಸುತ್ತೇನೂ ಬಂದಿರಲಿಲ್ಲ. ಜರ್ಮನಿಯಿಂದ ಬಂದಿದ್ದ. ಬೆಲ್ಲ ಬಾಯಿಗೆ ಹಾಕಿಕೊಂಡು ಫೋನಿನಲ್ಲಿ ಹಳೆಯ ರೆಕಾರ್ಡೊಂದರ ಹೊದಿಕೆಯ ಚಿತ್ರ ತೋರಿಸಿದ. ನಾಲ್ಕು ಜನ ಸಣಕಲು ಹುಡುಗರು ಯಾರೋ ತಮ್ಮ ಸೈಕಲ್ಲು ಕದ್ದರೆಂಬಂತೆ ಮುಖ ಗಂಟಿಕ್ಕಿ ಒಂದು ಗರಾಜಿನ ಮುಂದೆ ನಿಂತಿದ್ದರು. ಬಾಗಿಲಿನ ಎಡಗಡೆ, ಮೊಣಕಾಲೆತ್ತರದಲ್ಲಿ, ತಗಡು ನೆಗ್ಗಿ ಒಂದು ತಗ್ಗು. ಅದು ನಮ್ಮದೇ ತಗ್ಗು. ಮೊದಲು ಈ ಬಾಗಿಲನ್ನು ಬದಲಾಯಿಸಬೇಕು ಎಂದು ನನ್ನ ಗಂಡ ಮನೆ ನೋಡಲು ಬಂದ ದಿನವೇ ಹೇಳಿದ್ದರು.

ಪಂಕ್ ಎಂಬ ಒರಟು, ಅಬ್ಬರದ ಸಂಗೀತ ಇನ್ನೂ ಕಣ್ಣು ಬಿಡುತ್ತಿದ್ದ ಕಾಲದಲ್ಲಿ ಈ ಊರಿನಲ್ಲಿ ಹುಟ್ಟಿದ ಬ್ಯಾಂಡಂತೆ ಅದು. ಅದರ ಹೆಸರನ್ನು ಅತ್ತೆಯ ಮುಂದೆ ಅನುವಾದಿಸುವಂತಿರಲಿಲ್ಲ. ಎರಡು ಹಾಡಿನ ಆ ಮೊದಲ ರೆಕಾರ್ಡು ಕೇಳಿ ಎಷ್ಟೋ ಜನ ಗಿಟಾರ್ ಹಿಡಿದರಂತೆ. ತಾನೂ ಬ್ಯಾಂಕಿನ ಪರೀಕ್ಷೆ ಬಿಟ್ಟು ಗಿಟಾರ್ ಕೊಂಡೆ ಎಂದ. ಈಗ ಏನು ಮಾಡುತ್ತೀರಿ ಎಂದು ಕೇಳಿದೆ. ಬ್ಯಾಂಕಿನಲ್ಲಿದ್ದೇನೆ ಎಂದ.

ಆಮೇಲೆ ಶನಿವಾರ, ಭಾನುವಾರ ಇಂಥವರು ಬರುತ್ತಲೇ ಇದ್ದರು. ಹಾಡು ರೆಕಾರ್ಡಾಗಿದ್ದು ಇದೇ ಗರಾಜಿನೊಳಗೆ ಎಂದು ಎಲ್ಲರೂ ನಂಬಿದ್ದರು. ನಾನೂ ನಂಬಿ ಬಂದವರಿಗೆಲ್ಲ ವಿವರಿಸತೊಡಗಿದೆ. ಅಕ್ಕಿ ಚೀಲಗಳ ನಡುವೆ ನಿಂತು ಅವರು ಚಪ್ಪಾಳೆ ತಟ್ಟಿ ಪ್ರತಿಧ್ವನಿ ಕೇಳುತ್ತಿದ್ದರು. ಅತ್ತೆ ಒಗ್ಗರಣೆ ಅವಲಕ್ಕಿ ಕೊಡುತ್ತಿದ್ದರು. ಜಪಾನಿನ ಜೋಡಿಯೊಂದು ವಾಟರ್ ಹೀಟರಿನ ಪಕ್ಕ ಉಂಗುರ ಬದಲಾಯಿಸಿಕೊಂಡಾಗ ಹುಡುಗಿಗೆ ಅರಿಶಿನ ಕುಂಕುಮ ಕೊಟ್ಟು ಕಳಿಸಿದರು. ಗಂಡ ಬೇಸತ್ತು ಹೊಸ ಬಾಗಿಲು ಹಾಕಿಸಲು ಒಬ್ಬನನ್ನು ಕರೆಸಿದರು. ಅವನು ತಗ್ಗನ್ನು ನೋಡಿದ, ಟೋಪಿ ತೆಗೆದ, ಈ ಕೆಲಸ ನನ್ನ ಕೈಯಲ್ಲಾಗದು ಎಂದು ಏಣಿ ಮಡಚಿಕೊಂಡು ಹೊರಟುಹೋದ.

ಎರಡು ವರ್ಷ ಹೀಗೇ ಕಳೆಯಿತು. ಒಂದು ಮಧ್ಯಾಹ್ನ ಕಿವಿಗೆ ಯಂತ್ರ ಹಾಕಿಕೊಂಡ ಮುದುಕರೊಬ್ಬರು ಬಂದರು. ಬಂದವರು ಗೋಡೆ, ಸೂರು ಯಾವುದನ್ನೂ ನೋಡಲಿಲ್ಲ. ನೆಟ್ಟಗೆ ವಾಟರ್ ಹೀಟರಿನ ಹತ್ತಿರ ಹೋಗಿ, ವಾಲ್ವು ಸೋರುತ್ತಿದೆ ಎಂದು ತಿರುಗಿಸಿ ಬಿಗಿ ಮಾಡಿದರು. ಪ್ಲಂಬರ್ ಕೆಲಸದಿಂದ ನಿವೃತ್ತರಾದವರು. ಅದಕ್ಕೂ ಮೊದಲು ಆ ಬ್ಯಾಂಡಿನಲ್ಲಿ ಡ್ರಮ್ ಬಾರಿಸುತ್ತಿದ್ದವರು. ಚಿತ್ರದಲ್ಲಿ ಬಲತುದಿಗೆ ನಿಂತಿದ್ದ ಹುಡುಗ.

ನಾನು ಸಂಭ್ರಮದಿಂದ, ನೀವು ರೆಕಾರ್ಡು ಮಾಡಿದ್ದು ಯಾವ ಮೂಲೆಯಲ್ಲಿ ಎಂದು ಕೇಳಿದೆ.

ಇಲ್ಲಿ ಮಾಡಲೇ ಇಲ್ಲ ಎಂದರು. ರೆಕಾರ್ಡು ಮಾಡಿದ್ದು ಗಿಲ್‌ರಾಯ್‌ನಲ್ಲಿ, ಆ ಊರಿನ ತಮ್ಮ ಚಿಕ್ಕಮ್ಮನ ಮನೆಯ ಬಟ್ಟೆ ಒಗೆಯುವ ಕೋಣೆಯಲ್ಲಿ. ಸುತ್ತ ಬೆಳ್ಳುಳ್ಳಿ ಹೊಲ, ಕಿಟಕಿ ತೆರೆದರೆ ಘಾಟು. ತಮ್ಮ ಮನೆಗಳ ಗರಾಜುಗಳೆಲ್ಲ ಹೊಸ ಬಣ್ಣ ಹೊಡೆದು ಚೊಕ್ಕಟವಾಗಿದ್ದವಂತೆ, ಪಂಕ್‌ಗೆ ಒಪ್ಪುವಂತಿರಲಿಲ್ಲವಂತೆ. ಆಗ ಈ ಮನೆಯಲ್ಲಿದ್ದ ಹುಡುಗಿಯನ್ನು ಗಿಟಾರಿನವನು ಇಷ್ಟಪಡುತ್ತಿದ್ದ, ಅವಳಪ್ಪ ಕಾರು ಗುದ್ದಿ ಬಾಗಿಲು ತಗ್ಗಾಗಿತ್ತು. ಐದು ನಿಮಿಷ ನಿಂತು ಫೋಟೋ ತೆಗೆಸಿಕೊಂಡರು. ಅಷ್ಟರಲ್ಲಿ ಅವಳಪ್ಪ ಬಂದು ಓಡಿಸಿದ.

ನನಗೆ ಯಾಕೋ ಅವಮಾನವಾದಂತಾಯಿತು. ಎರಡು ವರ್ಷ ಊರೂರಿನವರಿಗೆ ನಾನು ಹೇಳಿದ್ದೆಲ್ಲ ಸುಳ್ಳು. ಅತ್ತೆಗೆ ಮಾತ್ರ ಬೇರೆಯದೇ ಚಿಂತೆ.

"ಅಲ್ಲವಾ, ಆ ಹಾಡ ಹೆಂಗೈತಿ? ನಾವು ಒಬ್ಬರೂ ಕೇಳೇ ಇಲ್ಲಲ್ಲ."

ನಿಜವಾಗಿತ್ತು. ಅಷ್ಟು ದಿನದಲ್ಲಿ ಮನೆಯ ಒಬ್ಬರಿಗೂ ಆ ಹಾಡು ಕೇಳಬೇಕೆಂದು ಹೊಳೆದಿರಲಿಲ್ಲ. ಮಾತು ಅನುವಾದಿಸಿ ಹೇಳಿದೆ. ಮುದುಕರು ಸುತ್ತ ನೋಡಿ ಎರಡು ಕೋಲು ಕೇಳಿದರು. ಅತ್ತೆ ಒಳಗಿನಿಂದ ಎರಡು ಲಟ್ಟಣಿಗೆ ತಂದುಕೊಟ್ಟರು. ಅವರು ವಾಷಿಂಗ್ ಮೆಷೀನಿನ ಮುಚ್ಚಳದ ಮೇಲೆ ಬಾರಿಸುತ್ತ, ಕಣ್ಣು ಮುಚ್ಚಿ, ಕುತ್ತಿಗೆಯ ನರ ಉಬ್ಬುವಂತೆ ಕಿರುಚಿದರು. ಪಕ್ಕದ ಮನೆಯ ನಾಯಿ ಬೊಗಳಿತು. ಒಂದೂವರೆ ನಿಮಿಷಕ್ಕೆ ಹಾಡು ನಿಂತುಬಿಟ್ಟಿತು.

ಅತ್ತೆ, ಸದ್ದಿಗೆ ಓಡಿಬಂದಿದ್ದ ನನ್ನ ಮಗಳ ಕಡೆ ತಿರುಗಿ ಅರ್ಥ ಕೇಳಿದರು. ಅವಳು, ಅವರಿಗೆ ಸ್ಕೂಲಿಗೆ ಹೋಗಲು ಇಷ್ಟವಿಲ್ಲವಂತೆ ಎಂದಳು.

"ಮುಗೀತೇನ್ರಿ? ಇದಕ್ಕ ಜಪಾನಿನಿಂದ ಮಂದಿ ಬರೂದು?"

ಅದನ್ನೂ ಅನುವಾದಿಸಿದೆ. ಅವರು ಏದುಸಿರು ಬಿಡುತ್ತ ನಕ್ಕು, ನಮಗೆ ಬರುತ್ತಿದ್ದದ್ದೇ ಅಷ್ಟು ಎಂದರು. ಅತ್ತೆಗೆ ಆ ಉತ್ತರ ಹಿಡಿಸಿತು. ಚಾ ಕುಡಿಸಿ, ಇನ್ನೊಂದು ಸಲ ಹಾಡಿಸಿದರು.

ಮುಂದಿನ ಶನಿವಾರ ಬ್ರೆಜಿಲಿನಿಂದ ಒಬ್ಬ ತರುಣಿ ಬಂದಳು. ನಾನು ಈ ಸಲ ಸತ್ಯವನ್ನೇ ಹೇಳಿದೆ: ರೆಕಾರ್ಡು ಇಲ್ಲಾಗಿದ್ದಲ್ಲ, ಡ್ರಮ್ ಬಾರಿಸಿದವರೇ ಬಂದು ಹೇಳಿಹೋದರು. ಅವಳು ನನ್ನನ್ನು ಕನಿಕರದಿಂದ ನೋಡಿ, ಡ್ರಮ್ಮಿನವರಿಗೆ ಇಂಥದ್ದೆಲ್ಲ ನೆನಪಿರುವುದಿಲ್ಲ, ನೀವು ಬೇಜಾರು ಮಾಡಿಕೊಳ್ಳಬೇಡಿ ಎಂದು ಸಮಾಧಾನ ಹೇಳಿದಳು. ಒಳಗೆ ನೋಡಬಹುದೇ ಎಂದು ಕೇಳುವಷ್ಟರಲ್ಲಿ ಅತ್ತೆ ಗರಾಜು ತೆರೆಯುವ ಗುಂಡಿ ಒತ್ತಿದ್ದರು. ಬಾಗಿಲು ಕಿರುಗುಟ್ಟುತ್ತ ಮೇಲೇಳುತ್ತಿತ್ತು.