ಯಶೋಧಾ ಒಳಗೆ ಕೂತ ಭಾನುವಾರ

ನಮ್ಮ ಸಭೆಯ ವಾರ್ಷಿಕ ವರದಿ ಬರೆಯುವವನು ನಾನು. ಮೂವತ್ತೊಂದು ವರ್ಷ ಮಾಸ್ತರಿಕೆ ಮಾಡಿ ನಿವೃತ್ತನಾದ ಮೇಲೆ ಸಿಂದಗಿಯ ಈ ಪುಟ್ಟ ಚರ್ಚಿಗೆ ಕಾರ್ಯದರ್ಶಿಯಾಗಿದ್ದೇನೆ. ಪ್ರೇಮಕುಮಾರ ಮಾಸ್ತರ ಎಂದರೆ ಎಲ್ಲರಿಗೂ ಗೊತ್ತು, ಕೆಲವರಿಗೆ ಬೇಸರವೂ ಹೌದು. ವರದಿಯಲ್ಲಿ ಒಂದು ವಾಕ್ಯವನ್ನು ಮಾತ್ರ ನಾನು ವರ್ಷ ವರ್ಷವೂ ಹಾಗೇ ಉಳಿಸಿಕೊಂಡು ಬಂದಿದ್ದೆ: ‘ಸಹೋದರಿ ಯಶೋಧಾ ಅವರು ಎಂದಿನಂತೆ ದಣಿವರಿಯದೆ ಸೇವೆ ಸಲ್ಲಿಸಿದರು.’ ಆ ‘ದಣಿವರಿಯದೆ’ ಎಂಬ ಪದದ ಮೇಲೆ ನನಗೆ ಒಳಗೊಳಗೇ ಹೆಮ್ಮೆ. ಆಕೆಯನ್ನು ಕೇಳಿ ಬರೆದದ್ದಲ್ಲ, ಬಿಡಿ.

ಯಶೋಧಾ ಕನ್ನೊಳ್ಳಿಯ ಅಂಗನವಾಡಿ ಟೀಚರ್. ಹುಟ್ಟಿದಾಗ ಅಜ್ಜಿ ಇಟ್ಟ ಹೆಸರು ಅದು. ಮನೆಯವರು ಚರ್ಚಿಗೆ ಸೇರಿದ ಮೇಲೂ ಯಾರೂ ಬದಲಿಸಲಿಲ್ಲ. ಊರವರ ಮಕ್ಕಳನ್ನೆಲ್ಲ ಸಾಕುವುದು ಹಣೆಯಲ್ಲಿ ಬರೆದಿದ್ದವಳಿಗೆ ಬೇರೆ ಹೆಸರು ಒಪ್ಪುತ್ತಲೂ ಇರಲಿಲ್ಲ. ಬೆಳಿಗ್ಗೆ ಒಂಬತ್ತೂವರೆಗೆ ಮೂವತ್ತನಾಲ್ಕು ಮಕ್ಕಳು ಬಂದು ಬೀಳುತ್ತವೆ. ಮೂಗು ಒರೆಸಬೇಕು, ಚಡ್ಡಿ ಬದಲಿಸಬೇಕು, ತೂಕ ನೋಡಬೇಕು, ತತ್ತಿ ಸುಲಿದು ಕೊಡಬೇಕು. ಇಷ್ಟು ಮಾಡಿದರೆ ಮುಗಿಯಿತೇ? ಮಾಡಿದ್ದೇನೆಂದು ಮೊಬೈಲನ್ನು ನಂಬಿಸಬೇಕು. ಮಕ್ಕಳು ಉಂಡದ್ದು ಅವುಗಳ ಹೊಟ್ಟೆಗೆ ಗೊತ್ತಾದರೆ ಸಾಲದು, ಆ್ಯಪಿಗೂ ಗೊತ್ತಾಗಬೇಕು. ಆ ಊರಿನಲ್ಲಿ ನೆಟ್‌ವರ್ಕ್ ಸಿಗುವುದು ನೀರಿನ ಟಾಕಿಯ ಹತ್ತಿರ ಮಾತ್ರ. ಏಳು ತಿಂಗಳ ಬಸುರಿಯನ್ನು ಅಲ್ಲಿಯವರೆಗೆ ನಡೆಸಿಕೊಂಡು ಹೋಗಿ, ಬಿಸಿಲಿನಲ್ಲಿ ನಿಲ್ಲಿಸಿ, ಮುಖದ ಫೋಟೋ ತೆಗೆದು, ಆಕೆಗೆ ಪೌಷ್ಟಿಕ ಆಹಾರ ಸಿಗುತ್ತಿದೆ ಎಂದು ದಾಖಲಿಸಬೇಕು. ಮಧ್ಯಾಹ್ನದ ಮೇಲೆ ಮತದಾರರ ಪಟ್ಟಿ ಹಿಡಿದು ಮನೆ ಮನೆ ಸುತ್ತಬೇಕು. ಸತ್ತವರ ಹೆಸರು ತೆಗೆಯಬೇಕು, ಹದಿನೆಂಟು ತುಂಬಿದವರ ಹೆಸರು ಸೇರಿಸಬೇಕು.

ಗಂಡ ಕಾಂತು ಟೆಂಪೋ ಓಡಿಸುತ್ತಾನೆ. ಇಂಡಿ ಊರಿನ ಲಿಂಬೆಹಣ್ಣು ಹೇರಿಕೊಂಡು ಹೊರಟರೆ ಎರಡು ದಿನಕ್ಕೊಮ್ಮೆ ಮನೆ ಕಾಣುತ್ತಾನೆ. ಒಳ್ಳೆಯವನು. ಚಹಾ ಕುಡಿದ ಕಪ್ಪನ್ನು ಯಾರೂ ಹೇಳದೆಯೇ ಒಲೆಯ ಹತ್ತಿರದವರೆಗೆ ತಂದಿಡುತ್ತಾನೆ. ಹೆಂಡತಿಗೆ ತಾನು ಬಹಳ ನೆರವಾಗುತ್ತೇನೆಂದು ನಾಲ್ಕು ಜನರ ಮುಂದೆ ಹೇಳಿಕೊಳ್ಳುವುದೂ ಉಂಟು.

ಇನ್ನು ಚರ್ಚು. ಸಂಡೇ ಸ್ಕೂಲಿಗೆ ಯಾರು ಎಂಬ ಪ್ರಶ್ನೆ ಬಂದಾಗ ಕಮಿಟಿಯಲ್ಲಿ ನಾನೇ ಅಂದೆ, “ಯಶೋಧಾ ಅದಾಳಲ್ಲ, ಆಕೀಗಿ ಮಕ್ಕಳು ರೂಢಿ ಆಗ್ಯಾವ.” ಮಹಿಳಾ ಕೂಟದ ಲೆಕ್ಕಣಿಕೆ ಹಿಡಿಯುವವರು ಯಾರು ಎಂದಾಗಲೂ ಆಕೆಯ ಹೆಸರೇ ಬಂತು. ದಿನವಿಡೀ ರಜಿಸ್ಟರ್ ಬರೆಯುವವಳಿಗೆ ಇನ್ನೊಂದು ರಜಿಸ್ಟರ್ ಏನು ಭಾರ? ಹಾಗೆಯೇ ನಾಲ್ಕು ವರ್ಷದ ಹಿಂದೆ ನಮ್ಮ ಪಾಸ್ಟರ ಹೆಂಡತಿ ಪಾಸ್ಟರಮ್ಮ ಯಾವುದೋ ಸಮ್ಮೇಳನಕ್ಕೆ ಹೋಗಿ ಬಂದು ಒಂದು ಹೊಸ ಸೇವೆ ಶುರು ಮಾಡಿದರು. ಆರಾಧನೆಯ ಹೊತ್ತಿಗೆ ಕೂಸುಗಳು ಅತ್ತರೆ ತಾಯಂದಿರ ಭಕ್ತಿ ಕೆಡುತ್ತದೆ, ಅದಕ್ಕೆ ಕೂಸುಗಳನ್ನೆಲ್ಲ ಹೊರಗೆ ಬೇವಿನ ಗಿಡದ ಕೆಳಗೆ ಒಬ್ಬರು ನೋಡಿಕೊಳ್ಳಬೇಕು. ಆ ಒಬ್ಬರು ಯಾರೆಂದು ನಾನು ಹೇಳುವುದೇ ಬೇಡ; ಹೆಸರು ಸೂಚಿಸಿದವನು ನಾನೇ. ಅಂದಿನಿಂದ ನಮ್ಮ ತಾಯಂದಿರ ಭಕ್ತಿ ನಿರಾತಂಕವಾಗಿ ಸಾಗಿದೆ. ಯಶೋಧಾ ಮಾತ್ರ ನಾಲ್ಕು ವರ್ಷದಿಂದ ಚರ್ಚಿನ ಒಳಗೆ ಕೂತಿರಲಿಲ್ಲ. ತಪ್ಪದೆ ಬರುವವರ ಪಟ್ಟಿಯಲ್ಲಿ ಮೊದಲ ಹೆಸರು ಆಕೆಯದೇ ಇತ್ತು ಎಂಬುದು ಬೇರೆ ಮಾತು. ಆ ಪಟ್ಟಿ ಬರೆಯುವವನೂ ನಾನೇ.

ಆಕೆಗೆ ಒಬ್ಬಳೇ ಮಗಳು, ಕೃಪಾ. ಹತ್ತು ವರ್ಷದ ಚುರುಕು ಹುಡುಗಿ, ಮಾತು ಕಡಿಮೆ. ಹೋದ ಮಳೆಗಾಲದಲ್ಲಿ ಯಶೋಧಾಳ ತಾಯಿ ತೀರಿಕೊಂಡಳು. ಆ ಮುದುಕಿ ಸಾಲೋಟಗಿಯ ಹೊಲಗಳಲ್ಲಿ ಜೋಳ ಕೊಯ್ಯುವಾಗ ಒಂದು ಹಾಡು ಹಾಡುತ್ತಿದ್ದಳಂತೆ. ‘ಮೊದಲ ತೆನಿ ನಿಂದ ತಂದೀ, ಉಳಿದದ್ದು ನಮದು’ ಎಂದು ಶುರುವಾಗುವ, ಯಾವ ಪುಸ್ತಕದಲ್ಲೂ ಇಲ್ಲದ ಹಾಡು. ಮೊಮ್ಮಗಳು ಅದನ್ನು ಅಜ್ಜಿಯ ಬಾಯಿಂದಲೇ ಕಲಿತಿದ್ದಳು. ಸುಗ್ಗಿ ಆರಾಧನೆಯ ದಿನ ಅದನ್ನು ಎಲ್ಲರ ಮುಂದೆ ಹಾಡುತ್ತೇನೆ ಎಂದು ಕೃಪಾ ನನ್ನ ಹತ್ತಿರ ಬಂದು ಹೆಸರು ಬರೆಸಿದಳು. ಮನೆಯಲ್ಲಿ ಒಂದು ತಿಂಗಳು ಅಭ್ಯಾಸ ನಡೆಯಿತು. “ಅವ್ವಾ, ಕೇಳ್ತೀಯೇನ?” ಎಂದು ಮಗಳು, “ತಡೀಯವ್ವಾ, ಇದೊಂದ ಫೋಟೋ ಅಪ್‌ಲೋಡ್ ಆಗಲಿ” ಎಂದು ತಾಯಿ. ಫೋಟೋ ಒಂದು ಹೋದರೆ ಇನ್ನೊಂದು ಇರುತ್ತಿತ್ತು. ಕೊನೆಗೆ ಹುಡುಗಿ, “ಹೋಗ್ಲಿ ಬಿಡವ್ವ, ಅವತ್ತ ಚರ್ಚನ್ಯಾಗ ಕೇಳು” ಅಂದಳಂತೆ. ಆ ಮಾತು ಯಶೋಧಾಳಿಗೆ ಎಲ್ಲಿ ತಾಗಬೇಕೋ ಅಲ್ಲಿ ತಾಗಿತು.

ಹೀಗಾಗಿ ಜೀವಮಾನದಲ್ಲಿ ಮೊದಲ ಸಲ ಆಕೆ ಕಮಿಟಿಯ ಮುಂದೆ ಬಂದು ನಿಂತಳು.

“ಸುಗ್ಗಿ ಆರಾಧನಿ ದಿನ ಒಂದ ವಾರ ನಾ ಒಳಗ ಕುಂದ್ರಬೇಕ್ರಿ. ನನ್ನ ಮಗಳು ಹಾಡತಾಳ. ಕೂಸುಗೋಳನ ಯಾರರ ಒಬ್ರು ನೋಡ್ಕೊಳ್ರಿ.”

ಈ ವಿಷಯಕ್ಕೆ ಕಮಿಟಿ ನಲವತ್ತು ನಿಮಿಷ ತೆಗೆದುಕೊಂಡಿತು. ಒಬ್ಬಾಕೆಗೆ ಮೊಣಕಾಲು ನೋವು. ಇನ್ನೊಬ್ಬಾಕೆ ಗಾಯನ ತಂಡದಲ್ಲಿ ಇದ್ದಾಳೆ, ಆಕೆ ಇಲ್ಲದಿದ್ದರೆ ರಾಗ ಹಿಡಿಯುವವರಿಲ್ಲ. ಮತ್ತೊಬ್ಬಾಕೆಗೆ ಮಕ್ಕಳೆಂದರೆ ಬಹಳ ಪ್ರೀತಿ, ಆದರೆ ಅವು ಅತ್ತರೆ ತಲೆಶೂಲೆ ಬರುತ್ತದೆ. ಗಂಡಸರ ಹೆಸರನ್ನು ಯಾರೂ ಎತ್ತಲಿಲ್ಲ. ನಾನಂತೂ ಎತ್ತಲಿಲ್ಲ. ಕೊನೆಗೆ ಪಾಸ್ಟರಮ್ಮ, “ಇದಕ್ಕ ಎಲ್ಲಾರೂ ಪ್ರಾರ್ಥನಾ ಮಾಡೂಣು” ಅಂದರು.

“ಮಾಡ್ರಿ ಯವ್ವಾ,” ಅಂದಳು ಯಶೋಧಾ. “ಮಾಡೂದರ ಜೋಡಿ ಒಬ್ಬಾಕಿ ಹೆಸರೂ ಬರೀರಿ.”

ಪ್ರಾರ್ಥನೆ ಮಾಡಿದೆವು. ಹೆಸರು ಬರೆಯಲಿಲ್ಲ.

ಆ ಶನಿವಾರ ಆಕೆ ಮೂರು ಹಳ್ಳಿ ತಿರುಗಿ ಮತದಾರರ ಪಟ್ಟಿಯ ಕೆಲಸ ಮುಗಿಸಿ, ಸಂಜೆ ಸಿಂದಗಿಗೆ ಬಂದು ಚರ್ಚು ಗುಡಿಸಿ, ಗೋಡೆಗೆ ಜೋಳದ ದಂಟು ಕಟ್ಟಿ ಹೋದಳು. ಭಾನುವಾರ ಬೆಳಕು ಹರಿಯುವ ಮೊದಲೇ ಎದ್ದು ಸಭೆಯ ಊಟಕ್ಕೆ ನೂರ ಇಪ್ಪತ್ತು ಸಜ್ಜೆ ರೊಟ್ಟಿ ಬಡಿದಳು. ರೊಟ್ಟಿಯ ಬುಟ್ಟಿಯನ್ನೂ ಮಗಳನ್ನೂ ಟಂಟಂ ಗಾಡಿಯಲ್ಲಿ ಹೇರಿಕೊಂಡು ಬಂದು ಇಳಿದಳು. ಜೊತೆಯಲ್ಲಿ ಇಳಿದವಳು ಅಬಿದಾ, ಅಂಗನವಾಡಿಯ ಸಹಾಯಕಿ.

“ನಮಸ್ಕಾರ್ರಿ ಮಾಸ್ತರ,” ಅಂದಳು ಅಬಿದಾ. “ಕೂಸುಗೋಳ ಎಲ್ಲಿ ಅದಾವ ತೋರಸ್ರಿ. ನಮ್ಮ ಟೀಚರ್ ಇವತ್ತ ಒಳಗ ಕುಂದ್ರಲಿ.”

ಅರವತ್ತು ಹೆಂಗಸರ ಸಭೆಯಲ್ಲಿ ಸಿಗದ ಒಬ್ಬಾಕೆ ಸಿಕ್ಕಿದ್ದು ಹೀಗೆ. ವಾರಕ್ಕೊಂದೇ ರಜೆ ಅಬಿದಾಳಿಗೂ. ಪಾಸ್ಟರಮ್ಮ ನನ್ನ ಕಡೆ ತಿರುಗಿ, “ನೋಡ್ರಿ, ಪ್ರಾರ್ಥನಾ ಹೆಂಗ ಕೆಲಸ ಮಾಡತೈತಿ!” ಅಂದರು.

ಯಶೋಧಾ ಇಸ್ತ್ರಿ ಮಾಡಿದ ಸೀರೆ ಉಟ್ಟು ಮುಂದಿನ ಬೆಂಚಿನಲ್ಲಿ ಕೂತಳು. ಹೊಸ ಮನೆಗೆ ಬಂದವಳಂತೆ ಗೋಡೆ, ಸೂರು, ಫ್ಯಾನು ಎಲ್ಲ ನೋಡಿದಳು. ಮಗಳನ್ನು ನೋಡಿ ನಕ್ಕಳು. ಪಾಸ್ಟರ್ ಆರಂಭದ ಪ್ರಾರ್ಥನೆಗೆ ಕರೆದರು. ಎಲ್ಲರೂ ಕಣ್ಣು ಮುಚ್ಚಿದೆವು, ಆಕೆಯೂ ಮುಚ್ಚಿದಳು. ಆಮೆನ್ ಎಂದಾಗ ನಾವೆಲ್ಲ ಕಣ್ಣು ತೆರೆದೆವು. ಆಕೆ ತೆರೆಯಲಿಲ್ಲ.

ಕೈ ಜೋಡಿಸಿದ್ದು ಹಾಗೇ ಇತ್ತು. ತಲೆ ಸ್ವಲ್ಪ ಬಾಗಿತ್ತು, ಮುಖ ಶಾಂತವಾಗಿತ್ತು. ಹಿಂದಿನ ಸಾಲಿನ ಹೆಂಗಸರು ಒಬ್ಬರನ್ನೊಬ್ಬರು ಮೊಣಕೈಯಿಂದ ತಿವಿದು ತೋರಿಸಿದರು. “ಏನ ಭಕ್ತಿ ಅಂತೀನಿ!” ಅಂದಳು ಒಬ್ಬಳು. ಬೈಬಲ್ ಪಾಠ ಓದಿದರು, ಗೀತೆ ಹಾಡಿದರು, ಆಕೆ ಕದಲಲಿಲ್ಲ. ನಮ್ಮ ಪಾಸ್ಟರ್ ಅಂತೂ ವೇದಿಕೆಯಿಂದಲೇ, “ಈ ತಂಗೀನ್ನ ನೋಡ್ರಿ. ಪ್ರಾರ್ಥನಾ ಅಂದ್ರ ಇದು” ಎಂದುಬಿಟ್ಟರು. ನಾನೂ ತಲೆದೂಗಿದೆ. ಮೂವತ್ತೊಂದು ವರ್ಷ ಕಡೆಯ ಬೆಂಚಿನ ಹುಡುಗರನ್ನು ನೋಡಿದ ನನಗೆ ನಿದ್ದೆಯ ಗುರುತು ಸಿಗಲಿಲ್ಲವಲ್ಲ, ನನಗಿಂತ ದಡ್ಡ ಇರಲಿಕ್ಕಿಲ್ಲ.

ಕಾರ್ಯಕ್ರಮದ ಹಾಳೆ ನನ್ನ ಕೈಯಲ್ಲಿತ್ತು. “ಈಗ ಕುಮಾರಿ ಕೃಪಾ ಅವರಿಂದ ಒಂದು ಗೀತೆ” ಎಂದು ಕೂಗಿದೆ. ಹುಡುಗಿ ಎದ್ದಳು. ಮೈಕಿನ ಮುಂದೆ ನಿಂತಳು. ತಾಯಿಯ ಕಡೆ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಮೈಕು ಬಿಟ್ಟು ಮೆಲ್ಲಗೆ ಹೆಜ್ಜೆ ಇಡುತ್ತ ನನ್ನ ಹತ್ತಿರ ಬಂದು ಕಿವಿಯಲ್ಲಿ ಅಂದಳು:

“ಅಜ್ಜಾರ, ಗಂಟಲ ಬ್ಯಾನಿ ಆಗೇತ್ರಿ. ನಾ ಹಾಡೂದಿಲ್ಲ.”

ನನಗೆ ಸಿಟ್ಟು ನೆತ್ತಿಗೇರಿತು. “ಏನ ಹುಡುಗೀ ನೀನು! ಒಂದ ತಿಂಗಳಿಂದ ಕುಣದಿ, ಈಗ ಅಂಜಿದೇನ? ನಿಮ್ಮವ್ವ ಇಷ್ಟೆಲ್ಲಾ ಮಾಡಿ ಒಳಗ ಬಂದ ಕುಂತಾಳ, ಅಕೀ ಮಾರಿ ಆದ್ರೂ ನೋಡಬೇಕೋ ಬ್ಯಾಡೋ?” ಎಂದು ಹಲ್ಲು ಕಡಿದು ಬೈದೆ. ಹುಡುಗಿ ತಲೆ ತಗ್ಗಿಸಿ, “ಸಾವಕಾಶ ಮಾತಾಡ್ರಿ” ಎಂದಷ್ಟೇ ಹೇಳಿ ತನ್ನ ಜಾಗಕ್ಕೆ ಹೋದಳು. ಎಷ್ಟು ಧಿಮಾಕು ಈ ವಯಸ್ಸಿಗೆ ಅಂದುಕೊಂಡೆ. ಹಾಡನ್ನು ಬಿಟ್ಟು ಪಾಸ್ಟರ ಉಪದೇಶಕ್ಕೆ, ಅಂದರೆ ಪ್ರಸಂಗಕ್ಕೆ, ಹೋದೆವು. ನಮ್ಮ ಪಾಸ್ಟರ ಪ್ರಸಂಗದಿಂದ ಯಾರಿಗೂ ಎಚ್ಚರವಾದ ಉದಾಹರಣೆ ಇಲ್ಲ.

ಯಶೋಧಾಳಿಗೆ ಎಚ್ಚರವಾದದ್ದು ಆರಾಧನೆ ಮುಗಿದು, ಕಾಣಿಕೆಯ ಕುಂಬಳಕಾಯಿ, ಕೋಳಿಗಳನ್ನು ಅಂಗಳದಲ್ಲಿ ಲಿಲಾವಿಗೆ ಇಟ್ಟಾಗ. ಕಾಲು ಕಟ್ಟಿದ್ದ ಹುಂಜ ಒಮ್ಮೆ ಗಂಟಲು ಬಿಚ್ಚಿ ಕೂಗಿತು. ಆಕೆ ದಿಗ್ಗನೆ ತಲೆ ಎತ್ತಿದಳು. ಬೆಂಚುಗಳು ಖಾಲಿ. ಜನ ಹೊರಗೆ ಕೂಗಿ ಕೂಗಿ ಬೆಲೆ ಏರಿಸುತ್ತಿದ್ದರು. ಒಳಗೆ ಮೈಕಿನ ವಾಯರು ಸುತ್ತುತ್ತ ನಾನು, ಕಂಬದ ಹತ್ತಿರ ಕೃಪಾ, ಇಬ್ಬರೇ. ಯಶೋಧಾ ಸುತ್ತ ನೋಡಿದಳು. ಏನಾಗಿದೆಯೆಂದು ತಿಳಿಯಿತು. ಆಮೇಲೆ ಎದ್ದು ಹೋಗಿ ಮಗಳ ಎರಡೂ ಕೆನ್ನೆ ಹಿಡಿದಳು.

“ಭಾಳ ಚಂದ ಹಾಡಿದಿ ನನ್ನವ್ವಾ. ಕಣ್ಣ ಮುಚ್ಚಿ ಕೇಳಿದೆ. ಅಜ್ಜೀನ ಹಾಡಿದಂಗ ಆತು ನೋಡು. ಎರಡನೇ ನುಡಿಗೆ ನನಗ ಅಳೂನೇ ಬಂತು.”

ನನ್ನ ಕೈಯೊಳಗಿನ ವಾಯರು ಅಲ್ಲೇ ನಿಂತಿತು.

ತಾಯಿಯ ಗದ್ದದ ಮೇಲೆ ಜೋಡಿಸಿದ್ದ ಬೆರಳುಗಳ ಬರೆ ಮೂಡಿತ್ತು, ಕೃಪಾ ಅದನ್ನು ಬೆರಳಿನಿಂದ ಉಜ್ಜಿದಳು.

“ನಾ ಹಾಡಲೇ ಇಲ್ಲವ್ವಾ,” ಅಂದಳು. “ನೀ ಮಲ್ಕೊಂಡಿದ್ದಿ. ಮನ್ಯಾಗ ನೀ ಅಷ್ಟ ಗಡದ್ದಾಗಿ ಮಲ್ಕೊಂಡದ್ದ ನಾ ಎಂದೂ ನೋಡಿಲ್ಲ. ನಾ ಹಾಡಿದ್ರ ನನ್ನ ದನೀಗಿ ಎಚ್ಚರ ಆಕ್ಕಿದ್ದಿ. ಅದಕ್ಕ ಗಂಟಲ ಬ್ಯಾನಿ ಅಂತ ಅಜ್ಜಾರಿಗೆ ಸುಳ್ಳ ಹೇಳಿದೆ.”

ಯಶೋಧಾ ಅಲ್ಲೇ ನೆಲದ ಮೇಲೆ ಕೂತಳು. ಅಳಲಿಲ್ಲ. ಅವರಿಬ್ಬರ ಮುಖ ನೋಡುವ ಧೈರ್ಯ ನನಗೆ ಇರಲಿಲ್ಲ. ಹತ್ತು ವರ್ಷದ ಕೂಸನ್ನು ಹಲ್ಲು ಕಡಿದು ಬೈದಿದ್ದೆನಲ್ಲ, ನಾಚಿಕೆಯಿಂದ ಮೈ ಹಿಡಿಯಾಯಿತು.

ಅಷ್ಟರಲ್ಲಿ ಬಾಗಿಲಲ್ಲಿ ಪಾಸ್ಟರಮ್ಮ. ಮುಖದ ತುಂಬ ನಗು. “ಯಶೋಧಾ, ಎಲ್ಲಾರೂ ನಿನ್ನ ಪ್ರಾರ್ಥನಿದೇ ಮಾತಾಡಾಕತ್ತಾರ ನೋಡು! ಮುಂದಿನ ವಾರದಿಂದ ಶುಕ್ರವಾರದ ಉಪವಾಸ ಪ್ರಾರ್ಥನಿ ನೀನೇ ನಡಸು. ಹಂಗ ಈಗ ಊಟಕ್ಕ ಬಡಸಾಕ ಬಾ, ಹೊತ್ತಾತು.”

“ಆಗೂದಿಲ್ರಿ,” ಅಂದಳು ಯಶೋಧಾ. ತಿರುಗಿಯೂ ನೋಡಲಿಲ್ಲ.

“ಏನಂದಿ?”

“ಆಗೂದಿಲ್ಲ ಅಂದೆರಿ. ಶುಕ್ರವಾರನೂ ಆಗೂದಿಲ್ಲ, ಬಡಸೂದೂ ಆಗೂದಿಲ್ಲ. ನಾ ಪ್ರಾರ್ಥನಾ ಮಾಡಿಲ್ಲ, ನಿದ್ದಿ ಮಾಡೇನಿ. ಈಗ ನನ್ನ ಕೂಸು ಹಾಡತೈತಿ, ನಾ ಕೇಳಬೇಕು. ಬಾಗಲಾ ಮುಂದ ಮಾಡ್ಕೊಂಡ ಹೋಗ್ರಿ.”

ಪಾಸ್ಟರಮ್ಮ ನನ್ನ ಮುಖ ನೋಡಿದರು. ಕಾರ್ಯದರ್ಶಿ ಏನಾದರೂ ಹೇಳಲಿ ಎಂಬ ನೋಟ. ಅದೇ ಹೊತ್ತಿಗೆ ಹೊರಗಿನಿಂದ ಅಬಿದಾಳ ಧ್ವನಿ ಬಂತು. “ಟೀಚರ್, ಟಂಟಂ ಹೊಂಟೈತ್ರೀ! ಇವುಗಳವ್ವಂದಿರು ಕೋಳಿ ಲಿಲಾವಿನ್ಯಾಗ ನಿಂತ ಬಿಟ್ಟಾರ. ಈ ಕೂಸುಗೋಳನ ಯಾರ ಕೈಯಾಗ ಕೊಡ್ಲಿ?”

ಯಶೋಧಾಳ ಮೈ ರೂಢಿಯಂತೆ ಏಳಲು ಹವಣಿಸಿತು. ನಾನು ವಾಯರು ಕೆಳಗೆ ಹಾಕಿದೆ. “ಕುಂದ್ರವ್ವ ನೀನು,” ಅಂದೆ. “ನಾ ಹೊಕ್ಕೇನಿ.” ಹುಡುಗಿಯ ತಲೆಯ ಮೇಲೆ ಕೈಯಿಟ್ಟು, “ತಪ್ಪಾತವ್ವಾ” ಎಂದು ಹೇಳಿ, ಪಾಸ್ಟರಮ್ಮನನ್ನೂ ಹೊರಡಿಸಿಕೊಂಡು ಬಾಗಿಲು ಮುಂದೆ ಮಾಡಿ ಹೊರಬಿದ್ದೆ.

ಬೇವಿನ ಗಿಡದ ಕೆಳಗೆ ಐದು ಕೂಸುಗಳು. ಒಂದನ್ನು ತೊಡೆಯ ಮೇಲೆ ಹಾಕಿಕೊಂಡೆ, ಇನ್ನೊಂದು ನನ್ನ ಕನ್ನಡಕಕ್ಕೆ ಕೈ ಹಾಕಿತು, ಮೂರನೆಯದು ಧೋತರ ಒದ್ದೆ ಮಾಡಿತು, ಉಳಿದೆರಡು ಯಾಕೆ ಅಳುತ್ತಿದ್ದವೋ ಆ ದೇವರಿಗೇ ಗೊತ್ತು. ಒಳಗೆ ಕೃಪಾ ಹಾಡುತ್ತಿದ್ದಳು. ಮುಚ್ಚಿದ ಬಾಗಿಲು ನನ್ನಿಂದ ಹದಿನೈದು ಹೆಜ್ಜೆಯೂ ಇರಲಿಲ್ಲ. ಕಿವಿ ಕೊಟ್ಟು ಕೂತೆ, ಉಸಿರು ಹಿಡಿದು ಕೂತೆ, ಕೂಸುಗಳಿಗೆ ಕೈ ಮುಗಿದು ಸುಮ್ಮನಿರ್ರೋ ಎಂದೆ. ಒಂದು ಅಕ್ಷರವೂ ಕೇಳಿಸಲಿಲ್ಲ.

ಹಾಡು ಹೇಗಿತ್ತು ಎಂದು ನನ್ನನ್ನು ಕೇಳಬೇಡಿ, ಯಶೋಧಾಳನ್ನು ಕೇಳಿ. ಆ ಗಿಡದ ಕೆಳಗೆ ಕೂತವರಿಗೆ ಒಳಗಿನದು ಏನೂ ಕೇಳಿಸುವುದಿಲ್ಲ. ನಾಲ್ಕು ವರ್ಷ ಆಕೆಯನ್ನು ಅಲ್ಲಿ ಕೂರಿಸಿದವನು ನಾನು.